ಅಚ್ಚುಕೂಟದ ಫ್ರಾಂಕ್ಲಿನ್

ಬೆಂಜಮಿನ್ ಫ್ರಾಂಕ್ಲಿನ್ನನ ಹೆಸರನ್ನು ಕೇಳಿದೊಡನೆ ನಮ್ಮ ವಿದ್ಯಾರ್ಥಿಗಳಿಗೆ ನೆನಪಾಗುವುದು ಗಾಳಿಪಟ ಮತ್ತು ಸಿಡಿಲು. ಸ್ವಲ್ಪ ಹೆಚ್ಚು ಓದಿದವರಿಗೆ ಅಮೆರಿಕದ ಸ್ವಾತಂತ್ರ್ಯ ಘೋಷಣೆ, ಪ್ಯಾರಿಸಿನ ರಾಯಭಾರ. ನಾನು ಇಲ್ಲಿ ಹೇಳಹೊರಟಿರುವುದು ಆ ಫ್ರಾಂಕ್ಲಿನ್ನನ ವಿಷಯವನ್ನಲ್ಲ. 1727ರಲ್ಲಿ, 21 ವರ್ಷದ ಹರೆಯದಲ್ಲಿ, ಮೂಲಧನವೆಂಬುದೊಂದೂ ಇಲ್ಲದೆ, ಇನ್ನೊಬ್ಬನ ಅಚ್ಚುಕೂಟದಲ್ಲಿ ಸಂಬಳಕ್ಕೆ ದುಡಿಯುತ್ತಿದ್ದ ಫ್ರಾಂಕ್ಲಿನ್ನನ ವಿಷಯವನ್ನು.

ಈ ಯೋಚನೆ ಬಂದುದಕ್ಕೊಂದು ಕಾರಣವುಂಟು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಣ್ಣದೊಂದು ಮುದ್ರಣಾಲಯವನ್ನು ತೆರೆದಿದ್ದಾನೆ. ಕೆಲಸ ಬಲ್ಲವನು, ತಪ್ಪಿಲ್ಲದ ಕನ್ನಡ ಬರೆಯಬಲ್ಲವನು, ಆದರೆ ಗಿರಾಕಿಗಳಿಲ್ಲ. ಊರಿನ ವರ್ತಕರ ಸಂಘಕ್ಕೆ ಸದಸ್ಯನಾಗೆಂದು ಹಿತೈಷಿಗಳು ಅವನಿಗೆ ಹೇಳುತ್ತಿದ್ದಾರೆ. ವಾರಕ್ಕೊಮ್ಮೆ ಕೈ ಕುಲುಕಿ, ಕಾಫಿ ಕುಡಿದು, ಪರಸ್ಪರ ಹೊಗಳಿಕೊಂಡು ಕೆಲಸ ಗಿಟ್ಟಿಸಿಕೊಳ್ಳುವುದು ಭಿಕ್ಷೆಯಲ್ಲವೆ ಎಂಬುದು ಅವನ ಸಂಕೋಚ. ನನ್ನ ಅಭಿಪ್ರಾಯವನ್ನು ಕೇಳಲು ಮನೆಗೆ ಬಂದಿದ್ದ. ಪಾಠ ಹೇಳುವವನಿಗೆ ವ್ಯಾಪಾರದ ಗಂಧವೇನು ಗೊತ್ತು? ಏನೋ ಒಂದು ಉತ್ತರ ಹೇಳಿ ಕಳುಹಿಸಿದೆ. ಹೇಳಿದುದು ಸರಿಯಲ್ಲವೆಂಬ ಅಸಮಾಧಾನ ಉಳಿಯಿತು. ಆ ರಾತ್ರಿ ಫ್ರಾಂಕ್ಲಿನ್ನನ ಆತ್ಮಕಥೆಯನ್ನು ಕಪಾಟಿನಿಂದ ಮತ್ತೆ ಇಳಿಸಿಕೊಂಡೆ. ವಿದ್ಯಾರ್ಥಿ ದೆಸೆಯಲ್ಲಿ ಅದನ್ನು ಓದಿ, ಇವನು ಅಂಗಡಿಯವರ ಋಷಿ ಎಂದು ಲಘುವಾಗಿ ಮಾತನಾಡಿದವರಲ್ಲಿ ನಾನೂ ಒಬ್ಬ.

ಫ್ರಾಂಕ್ಲಿನ್ ಹುಟ್ಟಿದುದು 1706ರ ಜನವರಿ 17ರಂದು, ಬಾಸ್ಟನ್ ನಗರದಲ್ಲಿ. ತಂದೆ ಜೋಸೈಯ ಇಂಗ್ಲೆಂಡಿನಿಂದ ವಲಸೆ ಬಂದವನು. ಕೊಬ್ಬಿನ ಮೇಣದಬತ್ತಿ ಮತ್ತು ಸಾಬೂನು ಮಾಡುವುದು ಅವನ ಕಸುಬು. ಇಬ್ಬರು ಹೆಂಡಿರಲ್ಲಿ ಅವನಿಗೆ 17 ಮಕ್ಕಳು. ಬೆಂಜಮಿನ್ ಗಂಡುಮಕ್ಕಳಲ್ಲಿ ಕಡೆಯವನು. ಅವನ ಶಾಲೆಯ ಓದು 10ನೆಯ ವಯಸ್ಸಿಗೇ ಮುಗಿಯಿತು. 12ನೆಯ ವಯಸ್ಸಿನಲ್ಲಿ ಅಣ್ಣ ಜೇಮ್ಸನ ಅಚ್ಚುಕೂಟದಲ್ಲಿ ಕರಾರಿನ ಮೇಲೆ ಕಸುಬು ಕಲಿಯಲು ನಿಂತನು. ಅಣ್ಣನ ಹೊಡೆತವನ್ನು ತಾಳಲಾರದೆ 1723ರಲ್ಲಿ ಓಡಿಹೋಗಿ ಫಿಲಡೆಲ್ಫಿಯವನ್ನು ಸೇರಿದನು. ಅಲ್ಲಿ ಇಳಿದಾಗ ಅವನಲ್ಲಿದ್ದುದು ಒಂದು ಡಚ್ ಡಾಲರು ಮತ್ತು ಷಿಲಿಂಗಿನಷ್ಟು ತಾಮ್ರದ ಕಾಸು. ಆ ಕಾಸನ್ನೂ ದೋಣಿಯವರಿಗೆ ಕೊಟ್ಟುಬಿಟ್ಟನು. ಮೂರು ಪೆನ್ನಿಗೆ ಮೂರು ದೊಡ್ಡ ರೊಟ್ಟಿ ಕೊಂಡು, ಎರಡನ್ನು ಕಂಕುಳಲ್ಲಿಟ್ಟುಕೊಂಡು, ಒಂದನ್ನು ತಿನ್ನುತ್ತ ಬೀದಿಯಲ್ಲಿ ನಡೆದ ಹುಡುಗನ ಚಿತ್ರ ಎಲ್ಲರಿಗೂ ತಿಳಿದುದೇ. ಉಳಿದೆರಡು ರೊಟ್ಟಿಗಳನ್ನು ದೋಣಿಯಲ್ಲಿ ಜೊತೆಗೆ ಬಂದಿದ್ದ ಹೆಂಗಸೊಬ್ಬಳಿಗೂ ಅವಳ ಮಗುವಿಗೂ ಕೊಟ್ಟನೆಂಬುದನ್ನು ಮಾತ್ರ ನಾವು ಮರೆಯುತ್ತೇವೆ.

ದೊಡ್ಡವರ ಆಶ್ರಯವೆಂದರೇನೆಂಬ ಪಾಠ ಅವನಿಗೆ ಬಹು ಬೇಗ ಆಯಿತು. ಪೆನ್ಸಿಲ್ವೇನಿಯದ ಗವರ್ನರ್ ವಿಲಿಯಂ ಕೀತ್ ಈ ಚುರುಕು ಹುಡುಗನನ್ನು ಮೆಚ್ಚಿ, ಲಂಡನ್ನಿಗೆ ಹೋಗಿ ಯಂತ್ರ ಮತ್ತು ಮೊಳೆಗಳನ್ನು ಕೊಂಡು ತಾ, ಸಾಲಕ್ಕೆ ಬೇಕಾದ ಪತ್ರಗಳನ್ನು ನಾನು ಕೊಡುತ್ತೇನೆ ಎಂದು ಭರವಸೆಯಿತ್ತನು. 1724ರಲ್ಲಿ ಹುಡುಗ ಹಡಗು ಹತ್ತಿದನು. ಲಂಡನ್ನಿನಲ್ಲಿ ಇಳಿದು ನೋಡಿದರೆ ಪತ್ರವೂ ಇಲ್ಲ, ಏನೂ ಇಲ್ಲ. ಗವರ್ನರನಿಗೆ ಎಲ್ಲರನ್ನೂ ಸಂತೋಷಪಡಿಸುವ ಆಸೆ. ಕೊಡಲು ಏನೂ ಇಲ್ಲದ್ದರಿಂದ ಆಸೆಯನ್ನೇ ಕೊಡುತ್ತಿದ್ದನು. ಹದಿನೆಂಟು ತಿಂಗಳು ಲಂಡನ್ನಿನ ಅಚ್ಚುಕೂಟಗಳಲ್ಲಿ ದುಡಿದು ಫ್ರಾಂಕ್ಲಿನ್ 1726ರಲ್ಲಿ ಹಿಂದಿರುಗಿದನು. ಮೇಲಿನವರ ಕೃಪೆಯನ್ನು ನಂಬಿ ಕೆಟ್ಟವನು ಮುಂದೆ ತನ್ನ ಸರೀಕರ ಕಡೆಗೆ ತಿರುಗಿದನು. ಈ ತಿರುವಿನಲ್ಲಿಯೇ ಅವನ ಬಾಳಿನ ಗುಟ್ಟಿದೆಯೆಂದು ನನಗೆ ಈಗ ತೋರುತ್ತದೆ.

1727ರ ಶರತ್ಕಾಲದಲ್ಲಿ ಅವನು ತನ್ನಂಥವರನ್ನೇ ಕೆಲವರನ್ನು ಸೇರಿಸಿ ಒಂದು ಕೂಟವನ್ನು ಕಟ್ಟಿದನು. ಅದಕ್ಕೆ ಜಂಟೋ ಎಂದು ಹೆಸರು. ಪ್ರತಿ ಶುಕ್ರವಾರ ಸಂಜೆ, ಮೊದಮೊದಲು ಒಂದು ಪಾನಗೃಹದಲ್ಲಿ, ಅನಂತರ ಸ್ವಂತ ಬಾಡಿಗೆಯ ಕೋಣೆಯಲ್ಲಿ ಸೇರುತ್ತಿದ್ದರು. ಸದಸ್ಯರು ಯಾರು ಯಾರೆಂದು ನೋಡಿದರೆ ಈ ಕೂಟದ ಸ್ವರೂಪ ತಿಳಿಯುತ್ತದೆ. ಜೋಸೆಫ್ ಬ್ರೈಂಟ್ನಲ್ ಎಂಬವನು ಕ್ರಯಪತ್ರಗಳನ್ನು ನಕಲು ಮಾಡುವವನು, ಕಾವ್ಯದ ಹುಚ್ಚು ಹತ್ತಿದವನು. ಥಾಮಸ್ ಗಾಡ್‌ಫ್ರಿ ಕಿಟಕಿಗೆ ಗಾಜು ಕೂರಿಸುವವನು, ತಾನೇ ಕಲಿತು ಗಣಿತಜ್ಞನಾದವನು. ವಿಲಿಯಂ ಪಾರ್ಸನ್ಸ್ ಮೆಟ್ಟು ಹೊಲಿಯುವ ಕಸುಬನ್ನು ಕಲಿತವನು. ಮುಂದೆ ಆ ಪ್ರಾಂತದ ಭೂಮಾಪನಕ್ಕೆ ಅವನೇ ಮುಖ್ಯಾಧಿಕಾರಿಯಾದನು. ವಿಲಿಯಂ ಮಾಗ್ರಿಜ್ ಮರಗೆಲಸದವನು. ನಿಕೊಲಸ್ ಸ್ಕಲ್ ಭೂಮಾಪಕ. ವಿಲಿಯಂ ಕೋಲ್ಮನ್ ವರ್ತಕನೊಬ್ಬನ ಗುಮಾಸ್ತೆ. ಫ್ರಾಂಕ್ಲಿನ್ನನೊಡನೆ ಅದೇ ಅಚ್ಚುಕೂಟದಲ್ಲಿ ದುಡಿಯುತ್ತಿದ್ದ ಮೂವರು. ಸ್ವಲ್ಪ ಆಸ್ತಿಯಿದ್ದವನೆಂದರೆ ರಾಬರ್ಟ್ ಗ್ರೇಸ್ ಎಂಬ ತರುಣನೊಬ್ಬನೇ. ಕುಲೀನ ವರ್ತಕರು ತಮ್ಮ ತಮ್ಮ ಕೂಟಗಳಲ್ಲಿ ಕುಳಿತು ಊರನ್ನು ಆಳುತ್ತಿದ್ದಾಗ, ಇವರು ಕೈಗೆ ಮಸಿ ಅಂಟಿದವರು, ತೊಗಲಿನ ಏಪ್ರನ್ ಕಟ್ಟಿದವರು.

ಕೂಟದ ನಿಯಮಗಳು ಕುತೂಹಲಕರವಾಗಿವೆ. ಸದಸ್ಯರು ಸರದಿಯ ಮೇಲೆ ನೀತಿ, ರಾಜ್ಯವಿಚಾರ, ಪ್ರಕೃತಿ ವಿಜ್ಞಾನ ಇವುಗಳಲ್ಲಿ ಯಾವುದಾದರೊಂದರ ಮೇಲೆ ಪ್ರಶ್ನೆಯನ್ನು ತರಬೇಕು. ಮೂರು ತಿಂಗಳಿಗೊಮ್ಮೆ ತಾನೇ ಬರೆದ ಪ್ರಬಂಧವನ್ನು ಓದಬೇಕು. ನಾನು ಹೇಳಿದುದೇ ಸರಿಯೆಂದು ಸಾಧಿಸುವವನಿಗೆ, ನೇರವಾಗಿ ಪ್ರತಿಹೇಳುವವನಿಗೆ ಸಣ್ಣ ದಂಡ. (ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಈ ನಿಯಮ ಜಾರಿಗೆ ಬಂದರೆ ಅರ್ಧ ಸಂಬಳ ದಂಡಕ್ಕೇ ಹೋದೀತು.) ಗಾಡ್‌ಫ್ರಿ ಎಲ್ಲ ಮಾತಿಗೂ ಗಣಿತದ ನಿಖರತೆಯನ್ನು ಬೇಡಿ, ಸಣ್ಣಪುಟ್ಟದ್ದಕ್ಕೆಲ್ಲ ತಕರಾರು ತೆಗೆದು, ಕೆಲವೇ ದಿನಗಳಲ್ಲಿ ಕೂಟವನ್ನು ಬಿಟ್ಟನು. ಯಾರಿಗೂ ದುಃಖವಾದಂತೆ ಕಾಣುವುದಿಲ್ಲ.

ಪ್ರತಿ ಸಭೆಯ ಮೊದಲಿಗೆ ಓದಬೇಕಾದ 24 ಪ್ರಶ್ನೆಗಳ ಒಂದು ಪಟ್ಟಿಯಿತ್ತು. ಒಂದೊಂದು ಪ್ರಶ್ನೆಗೂ ನಡುವೆ ಒಂದು ಲೋಟ ದ್ರಾಕ್ಷಾರಸವನ್ನು ತುಂಬಿ ಕುಡಿಯುವಷ್ಟು ಬಿಡುವು. ಆ ಪಟ್ಟಿಯಲ್ಲಿ ಹೊಸ ಓದಿನ ವಿಚಾರವಿದೆ, ಆರೋಗ್ಯದ ವಿಚಾರವಿದೆ, ಅನ್ಯಾಯವಾದ ಕಾನೂನುಗಳ ವಿಚಾರವಿದೆ. ಇವುಗಳ ನಡುವೆಯೇ ಅಪ್ಪಟ ಅಂಗಡಿಬೀದಿಯ ಪ್ರಶ್ನೆಗಳೂ ಕುಳಿತಿವೆ: ಊರಿನಲ್ಲಿ ಈಚೆಗೆ ಯಾರ ವ್ಯಾಪಾರ ಮುರಿದುಬಿತ್ತು, ಕಾರಣವೇನು; ಯಾರು ಏಳಿಗೆಗೆ ಬಂದರು, ಯಾವ ಮಾರ್ಗದಿಂದ; ಹೊಸದಾಗಿ ಕಸುಬಿಗಿಳಿದ ಯೋಗ್ಯ ತರುಣನಿದ್ದರೆ ಅವನಿಗೆ ಕೂಟ ಹೇಗೆ ನೆರವಾಗಬಹುದು; ಸದಸ್ಯನ ಹೆಸರಿಗೆ ಯಾರಾದರೂ ಕುಂದು ತಂದಿದ್ದರೆ ಅದನ್ನು ಕಾಪಾಡುವುದು ಹೇಗೆ. ಹಿಂದೆ ಈ ಪಟ್ಟಿಯನ್ನು ಓದಿದಾಗ, ಜ್ಞಾನದ ಸೋಗಿನಲ್ಲಿ ಲಾಭದ ಲೆಕ್ಕ ಎಂದು ನಾನು ನಕ್ಕಿದ್ದೆ. ಈಗ ಹಾಗೆ ನಗಲು ಧೈರ್ಯ ಸಾಲದು. ಸೋಗು ಹಾಕುವವನು ಲಾಭವನ್ನು ಮರೆಯಲ್ಲಿಡುತ್ತಾನೆ. ಇವರು ಎರಡನ್ನೂ ಒಂದೇ ಹಾಳೆಯಲ್ಲಿ ಬರೆದಿಟ್ಟರು.

ಆ ಊರಿನಲ್ಲಿ ಬೆಳ್ಳಿಯ ನಾಣ್ಯಕ್ಕೆ ಬಹಳ ಅಭಾವ. ವ್ಯವಹಾರವೆಲ್ಲ ಕಡದ ಮೇಲೆ, ಮಾತಿನ ಮೇಲೆ ನಡೆಯಬೇಕು. ಹಣವಿಲ್ಲದ ತರುಣನಿಗೆ ಇದ್ದ ಒಂದೇ ಮೂಲಧನವೆಂದರೆ ಅವನ ಹೆಸರು. ಆ ಹೆಸರನ್ನು ಬಲ್ಲವರು ನಾಲ್ಕು ಜನ ಬೇಕು. ಹೊಗಳುವವರಾದರೆ ಸಾಲದು, ವಾರವಾರವೂ ಹತ್ತಿರದಿಂದ ನೋಡಿ ಬಲ್ಲವರೇ ಆಗಬೇಕು.

1728ರಲ್ಲಿ ಫ್ರಾಂಕ್ಲಿನ್ ತನ್ನ ಜೊತೆ ಕೆಲಸಗಾರನೂ ಕೂಟದ ಸದಸ್ಯನೂ ಆಗಿದ್ದ ಹ್ಯೂ ಮೆರಿಡಿತನೊಡನೆ ಪಾಲುದಾರಿಕೆಯಲ್ಲಿ ಸ್ವಂತ ಅಚ್ಚುಕೂಟವನ್ನು ತೆರೆದನು. ಹಣ ಮೆರಿಡಿತನ ತಂದೆಯದು, ಕೈಚಳಕ ಫ್ರಾಂಕ್ಲಿನ್ನನದು. ಮೊಳೆಗಳನ್ನು ಬಿಚ್ಚಿ ಇನ್ನೂ ಅಣಿಗೊಳಿಸುತ್ತಿದ್ದಾಗಲೇ ಪರಿಚಯಸ್ಥನೊಬ್ಬ, ಮುದ್ರಕನನ್ನು ಹುಡುಕುತ್ತ ಬೀದಿಯಲ್ಲಿ ಅಲೆಯುತ್ತಿದ್ದ ಹಳ್ಳಿಗನೊಬ್ಬನನ್ನು ಕರೆತಂದನು. ಅವನು ಕೊಟ್ಟ ಐದು ಷಿಲಿಂಗು ಮೊದಲ ಸಂಪಾದನೆ. ಹೊಸಬರಿಗೆ ನೆರವಾಗಬೇಕೆಂಬ ತನ್ನ ಬುದ್ಧಿಗೆ ಆ ಐದು ಷಿಲಿಂಗಿನ ಕೃತಜ್ಞತೆಯೂ ಒಂದು ಕಾರಣವೆಂದು ಫ್ರಾಂಕ್ಲಿನ್ ಮುಪ್ಪಿನಲ್ಲಿ ನೆನೆದಿದ್ದಾನೆ.

ಊರಿನಲ್ಲಿ ಆಗಲೇ ಎರಡು ಅಚ್ಚುಕೂಟಗಳಿದ್ದವು. ಒಂದು ಆಂಡ್ರೂ ಬ್ರ್ಯಾಡ್‌ಫರ್ಡನದು, ಇನ್ನೊಂದು ಇವರ ಹಳೆಯ ಯಜಮಾನ ಸ್ಯಾಮ್ಯುಯಲ್ ಕೈಮರನದು. ಮೂರನೆಯದು ಮುಳುಗುವುದು ಖಂಡಿತವೆಂದು ದೊಡ್ಡ ವರ್ತಕರ ಕೂಟದಲ್ಲಿ ಮಾತಾಯಿತು. ಆಗ ಜಂಟೋದ ಮೊದಲ ಫಲ ಕಂಡಿತು. ಕ್ವೇಕರ್ ಪಂಥದವರು ತಮ್ಮ ಪಂಥದ ಇತಿಹಾಸದ ದೊಡ್ಡ ಗ್ರಂಥವೊಂದನ್ನು ಕೈಮರನಿಗೆ ಅಚ್ಚಿಗೆ ಕೊಟ್ಟಿದ್ದರು. ಕೆಲಸ ವರ್ಷಗಟ್ಟಲೆ ತೆವಳುತ್ತಿತ್ತು. ನಕಲುಗಾರ ಬ್ರೈಂಟ್ನಲ್ ಅವರೊಡನೆ ಮಾತನಾಡಿ ಅದರಲ್ಲಿ 40 ಹಾಳೆಗಳ ಕೆಲಸವನ್ನು ಗೆಳೆಯನಿಗೆ ಕೊಡಿಸಿದನು. ದರ ಕಡಮೆ, ಶ್ರಮ ಬಹಳ. ಫ್ರಾಂಕ್ಲಿನ್ ದಿನಕ್ಕೊಂದು ಹಾಳೆಯಂತೆ ಮೊಳೆ ಜೋಡಿಸುವನು, ಮೆರಿಡಿತ್ ಯಂತ್ರವನ್ನು ಎಳೆಯುವನು. ಅಂದಿನ ಮೊಳೆಗಳನ್ನು ಬಿಚ್ಚಿ ಮರಳಿ ಗೂಡುಗಳಿಗೆ ಹಂಚಿ ಮುಗಿಸುವಷ್ಟರಲ್ಲಿ ರಾತ್ರಿ ಹನ್ನೊಂದು ದಾಟುತ್ತಿತ್ತು. ಒಂದು ರಾತ್ರಿ ಕೆಲಸ ಮುಗಿಯಿತೆನ್ನುವಾಗ ಬಿಗಿದಿಟ್ಟ ಚೌಕಟ್ಟೊಂದು ಮುರಿದು ಎರಡು ಪುಟಗಳ ಮೊಳೆ ನೆಲಕ್ಕೆ ಚೆಲ್ಲಿತು. ಮಲಗುವ ಮೊದಲು ಅಷ್ಟನ್ನೂ ಮತ್ತೆ ಜೋಡಿಸಿ ಎದ್ದನು. ಅಚ್ಚಿನ ಮೊಳೆಗಳನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಮಾತ್ರ ಇದರ ಅರ್ಥ ಆಗುತ್ತದೆ.

ಆ ದೀಪ ನೆರೆಹೊರೆಯವರಿಗೆ ಕಾಣುತ್ತಿತ್ತು. ಬೇರ್ಡ್ ಎಂಬ ವೈದ್ಯನು ವರ್ತಕರ ಕೂಟದಲ್ಲಿ, ತಾನು ರಾತ್ರಿ ಮನೆಗೆ ಹೋಗುವಾಗಲೂ ಈತ ಕೆಲಸದಲ್ಲಿರುತ್ತಾನೆ, ನೆರೆಯವರು ಏಳುವ ಮೊದಲೇ ಮತ್ತೆ ಕೆಲಸದಲ್ಲಿರುತ್ತಾನೆ ಎಂದು ಹೇಳಿದನು. ಕೂಡಲೇ ಅವರಲ್ಲೊಬ್ಬ ಕಾಗದ ಮುಂತಾದ ಸರಕನ್ನು ಕಡ ಕೊಡಲು ಮುಂದೆ ಬಂದನು. ಕೊಂಡ ಕಾಗದವನ್ನು ಫ್ರಾಂಕ್ಲಿನ್ ಒಂದು ಗಾಲಿಯ ತಳ್ಳುಗಾಡಿಯಲ್ಲಿ ತಾನೇ ಬೀದಿಯಲ್ಲಿ ನೂಕಿಕೊಂಡು ಬರುತ್ತಿದ್ದನು. ದುಡಿಯುವುದು ಮಾತ್ರವಲ್ಲ, ದುಡಿಯುವುದು ಕಾಣುವಂತೆಯೂ ತಾನು ನೋಡಿಕೊಂಡೆನೆಂದು ಅವನೇ ಒಪ್ಪಿಕೊಂಡಿದ್ದಾನೆ. ಈ ಮಾತು ಬಹು ಜನ ವಿಮರ್ಶಕರಿಗೆ ರುಚಿಸಿಲ್ಲ. ನನಗೂ ಪೂರ್ಣವಾಗಿ ರುಚಿಸುವುದಿಲ್ಲ. ಆದರೆ ತಳ್ಳುಗಾಡಿಯಲ್ಲಿ ಇದ್ದುದು ನಿಜವಾದ ಕಾಗದವೇ ಎಂಬುದನ್ನು ಮರೆಯಬಾರದು.

1729ರಲ್ಲಿ ಕೈಮರನ ಸೊರಗಿದ ವಾರಪತ್ರಿಕೆಯನ್ನು ಇವರು ಅಗ್ಗಕ್ಕೆ ಕೊಂಡರು. ಚಂದಾದಾರರು ಹೆಚ್ಚೆಂದರೆ 90. ಅದೇ ಮುಂದೆ ಹೆಸರುವಾಸಿಯಾದ ಪೆನ್ಸಿಲ್ವೇನಿಯ ಗೆಜೆಟ್. ಅದೇ ವರ್ಷ ಕಾಗದದ ನಾಣ್ಯ ಇನ್ನಷ್ಟು ಬೇಕೆ ಬೇಡವೆ ಎಂಬ ವಿವಾದ ಊರಿನಲ್ಲಿ ಎದ್ದಿತು. ಜಂಟೋದಲ್ಲಿ ಇದನ್ನು ಚರ್ಚಿಸಿ, ಬೇಕೆಂಬ ಪಕ್ಷವನ್ನು ಹಿಡಿದು ಫ್ರಾಂಕ್ಲಿನ್ ಹೆಸರು ಹಾಕದೆ ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿದನು. ಮಸೂದೆ ಗೆದ್ದಿತು, ಆ ನೋಟುಗಳನ್ನು ಅಚ್ಚು ಹಾಕುವ ಕೆಲಸ ಕಾಲಾಂತರದಲ್ಲಿ ಅವನಿಗೇ ಬಂದಿತು. ಶಾಸನಸಭೆಯ ಬಿನ್ನವತ್ತಳೆಯೊಂದನ್ನು ಬ್ರ್ಯಾಡ್‌ಫರ್ಡ್ ಒರಟಾಗಿ, ತಪ್ಪುತಪ್ಪಾಗಿ ಮುದ್ರಿಸಿದ್ದನ್ನು ಕಂಡು, ಇವರು ಅದನ್ನೇ ಅಂದವಾಗಿ ಮರುಮುದ್ರಿಸಿ ಸದಸ್ಯರೊಬ್ಬೊಬ್ಬರಿಗೂ ಒಂದೊಂದು ಪ್ರತಿಯನ್ನು ಕಳುಹಿಸಿದರು. ಮರುವರ್ಷದ ಸರ್ಕಾರಿ ಮುದ್ರಣ ಇವರದಾಯಿತು. ಜಾಹೀರಾತೆಂದರೆ ಹೀಗಿರಬೇಕು!

ಆದರೆ ಇಷ್ಟರಲ್ಲಿಯೇ ಎಲ್ಲವೂ ಮುಳುಗುವ ಕಾಲ ಬಂದಿತ್ತು. ಮೆರಿಡಿತನ ತಂದೆ ಯಂತ್ರ ಮತ್ತು ಮೊಳೆಗಳ ಬೆಲೆಯಲ್ಲಿ 100 ಪೌಂಡು ಮಾತ್ರ ಕೊಡಲು ಶಕ್ತನಾದನು. ಇನ್ನೊಂದು 100 ಪೌಂಡಿಗಾಗಿ ಸಾಲ ಕೊಟ್ಟ ವರ್ತಕನು ದಾವೆ ಹೂಡಿದನು. ಹಣ ಹುಟ್ಟದಿದ್ದರೆ ಯಂತ್ರ ಹರಾಜಿಗೆ ಹೋಗುತ್ತದೆ. ಅದರೊಂದಿಗೆ ಹೆಸರೂ ಹೋಗುತ್ತದೆ. ಮೆರಿಡಿತನೋ ಕುಡಿದು ಬೀದಿಯಲ್ಲಿ ಕಾಣಿಸಿಕೊಳ್ಳುತ್ತಿದ್ದನು. ಈ ಸಂಕಟದಲ್ಲಿ ಜಂಟೋದ ಇಬ್ಬರು ಗೆಳೆಯರು, ಗುಮಾಸ್ತೆ ಕೋಲ್ಮನ್ ಮತ್ತು ರಾಬರ್ಟ್ ಗ್ರೇಸ್, ಬೇರೆಬೇರೆಯಾಗಿ ಅವನ ಬಳಿಗೆ ಬಂದರು. ಒಬ್ಬನು ಬಂದುದು ಇನ್ನೊಬ್ಬನಿಗೆ ತಿಳಿಯದು. ಫ್ರಾಂಕ್ಲಿನ್ ಇಬ್ಬರನ್ನೂ ಕೇಳಿರಲಿಲ್ಲ. ಒಬ್ಬೊಬ್ಬನೂ ಬೇಕಾದ ಹಣವನ್ನೆಲ್ಲ ತಾನೊಬ್ಬನೇ ಕೊಡುವೆನೆಂದನು. ಮೆರಿಡಿತನ ಪಾಲುದಾರಿಕೆ ಮಾತ್ರ ಬೇಡವೆಂದನು.

ಆತ್ಮಕಥೆಯಲ್ಲಿ ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ ಪ್ರಸಂಗ ಇದು. ಫ್ರಾಂಕ್ಲಿನ್ ಒಡನೆಯೇ ಕೈಚಾಚಲಿಲ್ಲ. ಮೆರಿಡಿತರು ತನಗೆ ಉಪಕಾರ ಮಾಡಿದವರು, ಅವರು ತಮ್ಮ ಮಾತನ್ನು ನಡೆಸುವ ಆಸೆ ಇರುವವರೆಗೆ ತಾನಾಗಿ ಬಿಟ್ಟುಹೋಗಲಾರೆನೆಂದನು. ಕೆಲವು ದಿನಗಳ ಮೇಲೆ ಮೆರಿಡಿತನೇ, ತಾನು ಹುಟ್ಟಿ ಬೆಳೆದುದು ಬೇಸಾಯಕ್ಕೆ, ಈ ಕಸುಬು ತನ್ನದಲ್ಲವೆಂದು ಹೇಳಿ, ತಂದೆಯ 100 ಪೌಂಡು, ತನ್ನ ಚಿಲ್ಲರೆ ಸಾಲಗಳ ತೀರುವಳಿ, 30 ಪೌಂಡು ನಗದು ಮತ್ತು ಒಂದು ಹೊಸ ಜೀನು, ಇಷ್ಟನ್ನು ಕೇಳಿ ಕ್ಯಾರೊಲಿನದ ಕಡೆಗೆ ಹೊರಟುಹೋದನು. ಆಗ ಫ್ರಾಂಕ್ಲಿನ್ ಇಬ್ಬರು ಗೆಳೆಯರಿಂದಲೂ ಅರ್ಧರ್ಧ ಹಣವನ್ನು ತೆಗೆದುಕೊಂಡನು. ಒಬ್ಬನನ್ನು ಆರಿಸಿ ಇನ್ನೊಬ್ಬನ ಮನಸ್ಸನ್ನು ನೋಯಿಸಬಾರದಷ್ಟೆ. ಇದು ನಡೆದುದು 1730ರಲ್ಲಿ.

ಕೂಟವೇ ಎಲ್ಲವನ್ನೂ ಮಾಡಿತೆಂದು ತಿಳಿಯಬಾರದು. ಕೈಮರನ ಅಚ್ಚುಕೂಟವನ್ನು ಕೊಂಡ ಡೇವಿಡ್ ಹ್ಯಾರಿ ಎಂಬ ತರುಣನಿಗೆ ಫ್ರಾಂಕ್ಲಿನ್ನನಿಗಿಂತ ಪ್ರಬಲರಾದ ಗೆಳೆಯರಿದ್ದರು. ಹೆದರಿದ ಫ್ರಾಂಕ್ಲಿನ್ ಪಾಲುದಾರಿಕೆಯನ್ನು ಸೂಚಿಸಿದಾಗ ಅವನು ತಿರಸ್ಕರಿಸಿಬಿಟ್ಟನು. ಆದರೆ ಸೊಗಸಾದ ಉಡುಪು, ಹೊರಗಿನ ಊಟ, ಸಾಲ. ಅಂಗಡಿಯ ಕಡೆಗೆ ಗಮನವಿಲ್ಲ. ಕೆಲಸ ತಾನಾಗಿ ಅವನನ್ನು ಬಿಟ್ಟುಹೋಯಿತು. ಕೈಮರ್ ಹೋಗಿದ್ದ ಬಾರ್ಬಡೋಸ್ ದ್ವೀಪಕ್ಕೇ ಅವನೂ ಹೋದನು.

1730ರಲ್ಲಿ ಫ್ರಾಂಕ್ಲಿನ್ ಡೆಬೊರಾ ರೀಡಳನ್ನು ಕೈಹಿಡಿದನು. ಆಕೆ ಹಾಳೆಗಳನ್ನು ಮಡಿಸಿ ಹೊಲಿದಳು, ಅಂಗಡಿಯನ್ನು ನೋಡಿಕೊಂಡಳು, ಕಾಗದ ಮಾಡುವವರಿಗಾಗಿ ಹಳೆಯ ಬಟ್ಟೆಯ ಚಿಂದಿಯನ್ನು ಕೊಂಡು ಕೂಡಿಟ್ಟಳು. ಜಂಟೋದ ಕೋಣೆಯಲ್ಲಿ ಅಂಥ ಹೆಣ್ಣಿಗೆ ಸ್ಥಳವಿರಲಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಫ್ರಾಂಕ್ಲಿನ್ನನ ಕಣ್ಣನ್ನು ತೆರೆಸಿದವಳು ಇನ್ನೊಬ್ಬಳು. ದಕ್ಷಿಣ ಕ್ಯಾರೊಲಿನದ ಚಾರ್ಲ್ಸ್‌ಟನ್ನಿನಲ್ಲಿ ಅವನ ಪಾಲುದಾರನಾಗಿದ್ದ ತಿಮೊತಿ ಎಂಬವನು ವಿದ್ಯಾವಂತನಾದರೂ ಲೆಕ್ಕ ಒಪ್ಪಿಸುವುದನ್ನು ಅರಿಯನು. ಅವನು 1738ರಲ್ಲಿ ಸತ್ತ ಮೇಲೆ, ಹಾಲೆಂಡಿನಲ್ಲಿ ಲೆಕ್ಕ ಕಲಿತಿದ್ದ ಹೆಂಡತಿ ಎಲಿಜಬೆತ್ ಮೂರು ತಿಂಗಳಿಗೊಮ್ಮೆ ತಪ್ಪದೆ ಲೆಕ್ಕ ಕಳುಹಿಸಿ, ಮಕ್ಕಳನ್ನು ಸಾಕಿ, ಕೊನೆಗೆ ಅಚ್ಚುಕೂಟವನ್ನೇ ಕೊಂಡುಕೊಂಡಳು. ಹೆಣ್ಣುಮಕ್ಕಳಿಗೆ ಸಂಗೀತ ನೃತ್ಯಗಳಿಗಿಂತ ಮೊದಲು ಲೆಕ್ಕವನ್ನು ಕಲಿಸಿರೆಂದು ಫ್ರಾಂಕ್ಲಿನ್ ಅಂದಿನಿಂದ ಹೇಳತೊಡಗಿದನು.

ಜಂಟೋದಿಂದ ಹೊರಟ ಕಾರ್ಯಗಳು ಊರನ್ನು ತುಂಬಿದವು. ಸದಸ್ಯರು ತಮ್ಮ ತಮ್ಮ ಪುಸ್ತಕಗಳನ್ನು ಒಂದೆಡೆ ಕೂಡಿಟ್ಟು ನೋಡಿ, ಅದು ಸರಿಬಾರದೆ, 1731ರಲ್ಲಿ ಚಂದಾ ಗ್ರಂಥಾಲಯವನ್ನು ಸ್ಥಾಪಿಸಿದರು. 50 ಜನ, ತಲೆಗೆ ಮೊದಲು 40 ಷಿಲಿಂಗು, ಆಮೇಲೆ ವರ್ಷಕ್ಕೆ 10. ಅದು ಇಂದಿಗೂ ಉಳಿದಿದೆ. 1736ರಲ್ಲಿ ಬೆಂಕಿ ಆರಿಸುವ ಸಂಘ ಹುಟ್ಟಿತು. ಗ್ರಂಥಾಲಯಕ್ಕೆ ಚಂದಾ ಎತ್ತುವಾಗ ಫ್ರಾಂಕ್ಲಿನ್ ಒಂದು ಸೂಕ್ಷ್ಮವನ್ನು ಕಂಡುಕೊಂಡನು. ಇದು ನನ್ನ ಯೋಜನೆಯೆಂದರೆ ಜನ ಅನುಮಾನಿಸುತ್ತಾರೆ. ಕೆಲವು ಗೆಳೆಯರ ಯೋಜನೆಯೆಂದರೆ ಕಿವಿಗೊಡುತ್ತಾರೆ. ಅಂದಿನಿಂದ ತನ್ನನ್ನು ಮರೆಯಲ್ಲಿಟ್ಟುಕೊಂಡೇ ಕೆಲಸ ನಡೆಸಿದನು.

ಈ ಮರೆಯೇ ನನಗೆ ಇನ್ನೂ ಬಗೆಹರಿಯದ ವಿಷಯ. ಜಂಟೋ ಗುಟ್ಟಿನ ಕೂಟ. ಹೆಚ್ಚು ಜನರನ್ನು ಸೇರಿಸಿಕೊಳ್ಳೋಣವೆಂದು ಕೆಲವರು ಕೇಳಿದಾಗ, ಹನ್ನೆರಡು ಜನರ ಮಿತಿಯನ್ನು ಮೀರದೆ, ಒಬ್ಬೊಬ್ಬನೂ ಬೇರೆ ಒಂದು ಉಪಕೂಟವನ್ನು ಕಟ್ಟಲಿ, ಅದಕ್ಕೂ ಜಂಟೋಗೂ ಇರುವ ನಂಟು ಅದರ ಸದಸ್ಯರಿಗೆ ತಿಳಿಯದಿರಲಿ ಎಂದು ಫ್ರಾಂಕ್ಲಿನ್ ಸೂಚಿಸಿದನು. ಐದಾರು ಕೂಟಗಳು ಆದವು. ಇದರಿಂದ ಶಿಫಾರಸು ಹರಡಿ ತಮ್ಮ ತಮ್ಮ ಕಸುಬುಗಳಿಗೆ ಅನುಕೂಲವಾಗುವುದು, ಸಾರ್ವಜನಿಕ ವಿಚಾರಗಳಲ್ಲಿ ತಮ್ಮ ಅಭಿಪ್ರಾಯ ಹಬ್ಬುವುದು ಎಂದು ಕಾರಣಗಳನ್ನು ಸ್ಪಷ್ಟವಾಗಿಯೇ ಕೊಟ್ಟಿದ್ದಾನೆ. ಆ ಉಪಕೂಟಗಳಲ್ಲಿ ಕುಳಿತವರು ತಮಗೆ ತಿಳಿಯದೆಯೇ ಇನ್ನೊಬ್ಬರ ಪರವಾಗಿ ಮಾತನಾಡಿದರಲ್ಲವೆ? ಅವನ ಪತ್ರಿಕೆಯ ಸಂಪಾದನೆಯಲ್ಲಿ ಗುಲಾಮರನ್ನು ಮಾರುವವರ ಜಾಹೀರಾತಿನ ಹಣವೂ ಸೇರಿತ್ತು. ಅವನ ಮನೆಯಲ್ಲಿಯೂ ಗುಲಾಮರಿದ್ದರು. ಹೊಸಬನಿಗೆ ನೆರವು ಬೇಕೆ ಎಂದು ಕೇಳುತ್ತಿದ್ದ ಪ್ರಶ್ನೆಪಟ್ಟಿ ಇವರನ್ನು ಕುರಿತು ಕೇಳಲಿಲ್ಲ. 1787ರಲ್ಲಿ ಗುಲಾಮಗಿರಿಯ ನಿರ್ಮೂಲನ ಸಂಘಕ್ಕೆ ಅವನು ಅಧ್ಯಕ್ಷನಾದನು, ಸಾಯುವ ವರ್ಷ ಕಾಂಗ್ರೆಸ್ಸಿಗೆ ಮನವಿಯನ್ನೂ ಕಳುಹಿಸಿದನು. ತಡವಾಯಿತು, ಆದರೂ ಆಯಿತು.

ಉಳಿದುದನ್ನು ಬೇಗ ಹೇಳಬಹುದು. ಬಡ ರಿಚರ್ಡನ ಹೆಸರಿನ ಪಂಚಾಂಗ 1732ರ ಕೊನೆಯಲ್ಲಿ ಹೊರಟು ವರ್ಷಕ್ಕೆ 10,000 ಪ್ರತಿಗಳವರೆಗೆ ಮಾರಾಟವಾಯಿತು. 1736ರಲ್ಲಿ ಶಾಸನಸಭೆಯ ಗುಮಾಸ್ತೆಗಿರಿ, 1737ರಲ್ಲಿ ಊರಿನ ಅಂಚೆಯ ಅಧಿಕಾರ. 1748ರಲ್ಲಿ, 42ನೆಯ ವಯಸ್ಸಿನಲ್ಲಿ, ಅಚ್ಚುಕೂಟವನ್ನು ಪಾಲುದಾರ ಡೇವಿಡ್ ಹಾಲನ ಕೈಗೆ ಒಪ್ಪಿಸಿ ವಿಜ್ಞಾನಕ್ಕೂ ರಾಜಕಾರ್ಯಕ್ಕೂ ಹೊರಟನು. ಮುಂದಿನ ಕಥೆ ಜಗತ್ತಿನದು. 1790ರ ಏಪ್ರಿಲ್ 17ರಂದು, 84ನೆಯ ವಯಸ್ಸಿನಲ್ಲಿ ತೀರಿಕೊಂಡನು.

ಅವನ ಮರಣಶಾಸನವನ್ನು ಮೊನ್ನೆ ಮೊದಲ ಬಾರಿಗೆ ಪೂರ್ತಿಯಾಗಿ ಓದಿದೆ. ಹೆಸರಿನ ಮುಂದೆ ರಾಯಭಾರಿ, ರಾಜ್ಯಾಧ್ಯಕ್ಷ ಎಂಬ ಬಿರುದುಗಳಿಗಿಂತ ಮೊದಲು ಮುದ್ರಕ ಎಂದು ಬರೆಸಿದ್ದಾನೆ. 1789ರ ಜೂನ್‌ನಲ್ಲಿ ಅದಕ್ಕೆ ಸೇರಿಸಿದ ಅನುಬಂಧದಲ್ಲಿ ಬಾಸ್ಟನ್ ಮತ್ತು ಫಿಲಡೆಲ್ಫಿಯ ನಗರಗಳಿಗೆ ಒಂದೊಂದು ಸಾವಿರ ಪೌಂಡು ಬಿಟ್ಟಿದ್ದಾನೆ. ತರುಣನಾಗಿದ್ದಾಗ ಇಬ್ಬರು ಗೆಳೆಯರು ಕೊಟ್ಟ ಸಾಲದಿಂದ ತಾನು ಕಸುಬಿಗೆ ನಿಂತುದನ್ನು, ತನ್ನ ಭಾಗ್ಯಕ್ಕೆಲ್ಲ ಅದೇ ತಳಹದಿಯಾದುದನ್ನು ಅಲ್ಲಿ ನೆನೆದು, ಆ ಹಣವನ್ನು ಕಸುಬು ಕಲಿತು ಮುಗಿಸಿದ, 25 ವರ್ಷದೊಳಗಿನ, ಮದುವೆಯಾದ ಕೆಲಸಗಾರರಿಗೆ ನೂರಕ್ಕೆ ಐದರ ಬಡ್ಡಿಯಲ್ಲಿ ಸಾಲವಾಗಿ ಕೊಡಬೇಕೆಂದಿದ್ದಾನೆ. ಒಬ್ಬನಿಗೆ 60 ಪೌಂಡಿಗೆ ಮೀರಬಾರದು. ಸಾಲ ಕೇಳುವವನ ನಡತೆಯನ್ನು ಬಲ್ಲ ಊರಿನ ಗೌರವಸ್ಥರು ಕಡಮೆಯೆಂದರೆ ಇಬ್ಬರು ಜಾಮೀನು ನಿಲ್ಲಬೇಕು. ಇದು 200 ವರ್ಷ ನಡೆಯಬೇಕು.

ಅವನೆಣಿಸಿದಂತೆ ಎಲ್ಲವೂ ನಡೆಯಲಿಲ್ಲ. ಕರಾರಿನ ಮೇಲೆ ಕಸುಬು ಕಲಿಯುವ ಪದ್ಧತಿಯೇ ಕ್ರಮೇಣ ಅಳಿದುಹೋಗಿ ಸಾಲ ಕೇಳುವವರು ಕಡಮೆಯಾದರು. ನೂರು ವರ್ಷ ಕಳೆದ ಮೇಲೆ ಬಾಸ್ಟನ್ನಿನ ನಿಧಿಯಿಂದ ಒಂದು ಭಾಗವನ್ನು ತೆಗೆದು ಕಸುಬುಗಳನ್ನು ಕಲಿಸುವ ಶಾಲೆಯೊಂದನ್ನು ಕಟ್ಟಿದರು. ಅದು 1908ರಲ್ಲಿ ಬಾಗಿಲು ತೆರೆಯಿತು. ನನ್ನ ವಿದ್ಯಾರ್ಥಿ ಮತ್ತೆ ಬಂದರೆ ಆ ಅನುಬಂಧವನ್ನು ಅವನಿಗೆ ಓದಲು ಕೊಡಬೇಕೆಂದು ಪುಟಕ್ಕೆ ಗುರುತಿಟ್ಟಿದ್ದೇನೆ.